ಗೂಟಕ್ಕೆ ನೇತುಹಾಕಿದ ಬ್ಯಾಡ್ಜು

ನಾನು ಯಾವಾಗ ದೃಷ್ಟಾಂತ ಹೇಳಿದರೂ ಅದರಲ್ಲಿ ಒಬ್ಬ ಶ್ರೀಮಂತ ಇರುತ್ತಾನೆ, ಅಲ್ಲವೇ? ಶ್ರೀಮಂತ ಅಂದ ಕೂಡಲೇ ನೀವು ‘ಇದು ನಮಗಲ್ಲ ಬಿಡು’ ಎಂದು ಆರಾಮವಾಗಿ ಈ ಮಠದ ಕಂಬಕ್ಕೆ ಒರಗಿಬಿಡುತ್ತೀರಿ. ಇವತ್ತು ಹಾಗೆ ಒರಗುವಂತಿಲ್ಲ. ಇವತ್ತಿನ ಕಥೆಯವನು ದುಡಿದು ತಿನ್ನುವವನು, ಹೆಂಡತಿ ಮಗಳೆಂದರೆ ಜೀವ ಬಿಡುವವನು. ಹೆಸರು ಹೇಳುವುದಿಲ್ಲ, ಹೇಳಿದರೆ ಅದು ಅವನೊಬ್ಬನ ಕಥೆ ಎಂದು ನೀವು ಕೈತೊಳೆದುಕೊಳ್ಳುತ್ತೀರಿ. ನಿಮ್ಮನ್ನು ನಾನು ಇವತ್ತೇ ಮೊದಲ ಸಲ ನೋಡುತ್ತಿಲ್ಲ!

ದೂರದ ಒಂದು ಮರುಭೂಮಿ. ಅಲ್ಲಿ ನೆಲ ಬಗೆದು ಒಂದು ಗಣಿ ಮಾಡಿದ್ದರು. ಎಂಥಾ ಗಣಿ ಅಂತೀರಿ! ನಮ್ಮ ಊರನ್ನು ಶಾಲೆ, ಸಂತೆಬಯಲು, ಈ ಮಠ ಸಮೇತ ಎತ್ತಿ ಅದರೊಳಗೆ ಇಟ್ಟರೂ ಇನ್ನೂ ಜಾಗ ಉಳಿಯುತ್ತಿತ್ತು. ತಳದಲ್ಲಿ ಯುರೇನಿಯಂ ಅದಿರು. ನೋಡಿ, ಆ ಅದಿರಿನ ಧೂಳಿನಿಂದ ವಿಕಿರಣ ಹೊರಡುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ, ಮೈಗೆ ಸೇರುತ್ತದೆ.

ಅದಕ್ಕೇ ಅಲ್ಲಿ ಎರಡು ಕಟ್ಟಳೆ. ಒಂದು, ಕೆಲಸ ಮುಗಿದ ಮೇಲೆ ಗಣಿಯ ಕೋಟನ್ನು ಅಲ್ಲಿಯೇ ಕಳಚಿ, ಸ್ನಾನ ಮಾಡಿ, ಬೇರೆ ಬಟ್ಟೆ ಹಾಕಿಕೊಂಡು ಮನೆಗೆ ಹೋಗಬೇಕು. ಇನ್ನೊಂದು, ಪ್ರತಿಯೊಬ್ಬನೂ ಎದೆಗೆ ಒಂದು ಸಣ್ಣ ಬ್ಯಾಡ್ಜು ಸಿಕ್ಕಿಸಿಕೊಳ್ಳಬೇಕು. ಮೈಗೆ ಎಷ್ಟು ವಿಕಿರಣ ತಾಗಿತು ಎನ್ನುವುದನ್ನು ಅದು ಹಿಡಿದಿಡುತ್ತದೆ. ಮೂರು ತಿಂಗಳಿಗೊಮ್ಮೆ ಅದನ್ನು ಪರೀಕ್ಷಿಸುತ್ತಾರೆ. ಮಿತಿ ಮೀರಿತೋ, ಆ ಮನುಷ್ಯನನ್ನು ತಳದಿಂದ ಮೇಲಕ್ಕೆ ಕಳಿಸಿ ಬೇರೆ ಕೆಲಸ ಕೊಡುತ್ತಾರೆ.

ನಮ್ಮವನು ತಳದಲ್ಲಿ ಅದಿರು ಬಾಚುವ ದೊಡ್ಡ ಯಂತ್ರ ಓಡಿಸುತ್ತಿದ್ದ. ಅವನಷ್ಟು ಚೆನ್ನಾಗಿ ಓಡಿಸುವವನು ಇನ್ನೊಬ್ಬನಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಸಮಸ್ಯೆ ಅದೇ! ಒಂದು ಸಲ ಅವನ ಬ್ಯಾಡ್ಜು ಮಿತಿಯ ಹತ್ತಿರ ಬಂತು. ‘ನನ್ನನ್ನು ಮೇಲೆ ಗೇಟು ಕಾಯಲು ಹಾಕಿದರೆ? ಆ ಯಂತ್ರದ ಮೇಲೆ ಇನ್ನೊಬ್ಬ ಕೂತರೆ?’ ತಡೆದುಕೊಳ್ಳಲು ಆಗಲಿಲ್ಲ ಅವನಿಗೆ.

ಏನು ಮಾಡಿದ ಗೊತ್ತೇ? ಬ್ಯಾಡ್ಜನ್ನು ಮನೆಯಲ್ಲೇ ಬಿಟ್ಟ. ಗೋಡೆಯ ಗೂಟಕ್ಕೆ ನೇತುಹಾಕಿ, ಬ್ಯಾಡ್ಜಿಲ್ಲದೆ ಗಣಿಗೆ ಇಳಿದ. ಬ್ಯಾಡ್ಜು ಕೋಟಿನ ಒಳಗಿರುವ ಪದ್ಧತಿ, ಯಾರು ಬಿಚ್ಚಿ ನೋಡಬೇಕು? ಇನ್ನು ಸ್ನಾನ. ಅಲ್ಲಿ ಸಾಲು ಉದ್ದ, ಬಸ್ಸು ಹೊರಟುಬಿಡುತ್ತದೆ. ಕೋಟು ತೊಟ್ಟೇ ಬಸ್ಸು ಹತ್ತುತ್ತಿದ್ದ. ಬಾಗಿಲಲ್ಲಿ ಆರು ವರ್ಷದ ಮಗಳು ಓಡಿಬಂದು ಆ ಕೋಟಿಗೆ ಮುಖ ಒತ್ತಿ ಅಪ್ಪಿಕೊಳ್ಳುವಳು. ಹೆಂಡತಿ ಅದನ್ನು ಕೊಡವಿ ಅದೇ ಗೂಟಕ್ಕೆ ಹಾಕುವಳು.

“ಏನ್ರೀ, ಕೋಟು ಅಲ್ಲೇ ಬಿಟ್ಟು ಬರ್ಬೇಕಂತಲ್ಲ?” ಎಂದು ಒಮ್ಮೆ ಕೇಳಿದಳು.

“ಅದೆಲ್ಲಾ ಹೊಸಬರಿಗೆ ಮಾಡಿದ್ದು. ನನಗೇನಾಗೈತಿ? ಕಲ್ಲಿನಂಗ ಇದೀನಿ” ಎಂದ.

ಮೂರು ತಿಂಗಳಾಯಿತು. ಬ್ಯಾಡ್ಜು ತೆಗೆದುಕೊಂಡು ಹೋಗಿ ಕೊಟ್ಟ. ಒಳಗೊಳಗೇ ಖುಷಿ. ಎರಡು ವಾರ ಬಿಟ್ಟು ಪರೀಕ್ಷೆಯ ಮೇಡಂ ಕರೆಸಿದರು.

“ಏನಪಾ, ನಿನ್ನ ಬ್ಯಾಡ್ಜಿನ ಮ್ಯಾಲೆಲ್ಲಾ ಧೂಳು ಕುಂತೈತಿ. ವಿಕಿರಣ ಎಷ್ಟು ಬರಬಾರ್ದಿತ್ತೋ ಅಷ್ಟು ಬಂದೈತಿ. ಎಲ್ಲಿ ಇಟ್ಟಿದ್ದಿ ಇದನ್ನ?”

ಅವನಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ನಿಜ ಹೊರಬಿತ್ತು. “ನಿಮ್ಮ ಮಷಿನ್ ಕೆಟ್ಟೈತ್ರೀ! ಈ ಬ್ಯಾಡ್ಜು ಮೂರು ತಿಂಗಳಿಂದ ಗಣಿಗೆ ಕಾಲೇ ಇಟ್ಟಿಲ್ಲ!”

“ಮತ್ತ ಎಲ್ಲಿತ್ತು?”

“ಮನ್ಯಾಗ. ಕೋಟು ಹಾಕೋ ಗೂಟಕ್ಕ.”

ಮೇಡಂ ಬ್ಯಾಡ್ಜನ್ನು ಮೇಜಿನ ಮೇಲಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು: “ಆ ಗೂಟದ ಕೆಳಗ ಏನೈತಪಾ?”

ಅವನು ಮೇಜಿನ ಮೇಲಿನ ಬ್ಯಾಡ್ಜನ್ನು ನೋಡಿದ. ಆಮೇಲೆ ಹೇಳಿದ: “ನನ್ನ ಮಗಳ ಹಾಸ್ಗಿ.”

ಅಲ್ಲಿಯೇ ಕುಸಿದು ಕೂತು ಅತ್ತ. ಯಾವ ಬ್ಯಾಡ್ಜಿನಿಂದ ಗಣಿಯವರ ಕಣ್ಣಿಗೆ ಮಣ್ಣೆರಚಲು ಹೋದನೋ, ಅದು ಅವನ ಮನೆಯ ಸುದ್ದಿಯನ್ನು ಅವನಿಗೇ ತಂದು ಹೇಳಿತ್ತು. ಅಂದೇ ಗಣಿಯ ಜನ ಮನೆಗೆ ಬಂದು ಹಾಸಿಗೆ, ಕೋಟು ಎಲ್ಲ ಒಯ್ದರು. ಮಗುವನ್ನು ಪರೀಕ್ಷಿಸಿದರು. ಸದ್ಯಕ್ಕೆ ಏನೂ ಇಲ್ಲ, ಆದರೆ ವರ್ಷಕ್ಕೊಮ್ಮೆ ಕರೆತಂದು ತೋರಿಸುತ್ತಿರಿ ಅಂದರು. ಆ ‘ಸದ್ಯಕ್ಕೆ’ ಅನ್ನುವ ಮಾತನ್ನು ಹೊತ್ತುಕೊಂಡು ತಂದೆಯಾದವನು ಹೇಗೆ ಬದುಕಬೇಕು ಹೇಳಿ?

ಅವನು ತಾನೇ ಹೋಗಿ ಯಂತ್ರ ಬಿಟ್ಟುಕೊಟ್ಟ. ಸ್ನಾನದ ಮನೆಯ ಬಾಗಿಲು ಕಾಯುವ ಕೆಲಸ ಕೇಳಿ ಪಡೆದ. ಬಸ್ಸು ಹೋಗುತ್ತದೆ ಎಂದು ಯಾರಾದರೂ ನುಸುಳಿದರೆ ತೋಳು ಹಿಡಿದು ಹೇಳುತ್ತಿದ್ದ: “ಬಸ್ಸು ಹೋದ್ರ ಹೋಗ್ಲಿ ತಮ್ಮಾ, ನಿನ್ನ ಜೊತೀಗೆ ನಾ ನಡೀತೀನಿ. ಜಳಕಾ ಮಾಡಿ ಹೋಗು.”

ಈಗ ನಿಮ್ಮ ಕಡೆ ಬರೋಣ. ಯಾಕೆ, ಕಂಬ ಬಿಟ್ಟು ನೆಟ್ಟಗೆ ಕೂತಿರಿ?

ನಿಮ್ಮೊಳಗೂ ಒಂದು ಬ್ಯಾಡ್ಜು ಇದೆ. ಮನಸ್ಸಾಕ್ಷಿ ಅನ್ನುತ್ತೇವೆ ಅದಕ್ಕೆ. ಅದನ್ನು ಎಲ್ಲಿ ಧರಿಸುತ್ತೀರಿ? ಇಲ್ಲಿ, ಮಠದಲ್ಲಿ! ಇಲ್ಲೇನು ಧೂಳಿದೆ? ಇಲ್ಲಿ ಎಲ್ಲರೂ ಶುದ್ಧರೇ, ನೋಡಿ, ಎಷ್ಟು ಮೆತ್ತಗೆ ಕೂತಿದ್ದೀರಿ! ಅಂಗಡಿಗೆ ಹೋಗುವಾಗ, ಕಚೇರಿಗೆ ಹೋಗುವಾಗ, ಜಗಳಕ್ಕೆ ಹೋಗುವಾಗ ಅದನ್ನು ಗೂಟಕ್ಕೆ ಹಾಕಿ ಹೋಗುತ್ತೀರಿ. ಸಂಜೆ ಏನು ತರುತ್ತೀರಿ? ಮೇಲಧಿಕಾರಿಯ ಮೇಲಿನ ಸಿಟ್ಟು ತರುತ್ತೀರಿ, ಅಲ್ಲಿ ಆಡಿದ ಸುಳ್ಳು ತರುತ್ತೀರಿ, ನೆರೆಯವನ ಮೇಲಿನ ಹೊಟ್ಟೆಕಿಚ್ಚು ತರುತ್ತೀರಿ. ಬಾಗಿಲಲ್ಲಿ ಯಾರು ಓಡಿಬಂದು ಅಪ್ಪಿಕೊಳ್ಳುತ್ತಾರೆ? ನೀವು ಯಾರಿಗಾಗಿ ದುಡಿಯುತ್ತೇನೆ ಅನ್ನುತ್ತೀರೋ ಅವರೇ.

ನಾಳೆ ಬೆಳಿಗ್ಗೆ ಅದನ್ನು ಧರಿಸಿಕೊಂಡು ಕೆಲಸಕ್ಕೆ ಹೋಗಿ. ಧೂಳಿರುವಲ್ಲೇ ಅದು ಬೇಕಾದದ್ದು. ಸಂಜೆ ಮನೆ ಮುಟ್ಟಿದಾಗ ಹೊಸಿಲ ಹೊರಗೆ ಒಂದು ನಿಮಿಷ ನಿಲ್ಲಿ. ಇವತ್ತು ಏನು ಮೆತ್ತಿಕೊಂಡು ಬಂದೆ ಎಂದು ಕೇಳಿಕೊಳ್ಳಿ, ಕೊಡವಿಕೊಳ್ಳಿ, ಕಾಲು ತೊಳೆದು ಒಳಗೆ ಹೋಗಿ.

ಆ ಮನುಷ್ಯ ಈಗ ಅಲ್ಲಿಯೇ ಸ್ನಾನ ಮಾಡಿ ಬರುತ್ತಾನಂತೆ. ಆದರೂ ಮಗಳು ಓಡಿಬಂದರೆ ಅವನಿಗೆ ಧೈರ್ಯ ಸಾಲದು. “ತಡಿಯವ್ವಾ” ಎಂದು ಕೈ ಅಡ್ಡ ಹಿಡಿದು, ಇನ್ನೊಮ್ಮೆ ಬಚ್ಚಲಿಗೆ ಹೋಗಿ ಮೈತೊಳೆದು ಬರುತ್ತಾನೆ. ಮಗು ಬಚ್ಚಲ ಬಾಗಿಲಲ್ಲಿ ಟವಲು ಹಿಡಿದು ಕಾಯುತ್ತಿರುತ್ತದೆ.