ಬಳೆ ಒಡೆಯುವ ಸೊಸೆ

ಪಾಂಡವಪುರ, ೧೯೯೪. ಬಳೆ ಅಂಗಡಿಯೊಳಗೆ ನನ್ನ ಹೆಂಡತಿ ಬಳೆ ತೊಡಿಸಿಕೊಳ್ಳುತ್ತಿದ್ದಳು. ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಅತ್ತೆ, ಸೊಸೆ ಸರದಿ ಕಾಯುತ್ತಿದ್ದರು. ಅತ್ತೆಯ ಕೈತುಂಬ ಹಸಿರು ಬಳೆ. ಸೊಸೆಯ ಕೈಯಲ್ಲಿ ಒಂದೊಂದೇ.

“ವಾರವಾರ ಎಂಗಮ್ಮಿ ಒಡೀತವೆ? ನನ್ ಮಗ ಕೈ ಮಾಡುದ್ನಾ?”

“ಇಲ್ಲ ಕಣತ್ತೆ. ಅಂಗನವಾಡಿ ಮಕ್ಳು ಎಳೀತವೆ. ಮಾವನ್ನ ಎತ್ತಿ ಕೂರುಸ್ವಾಗ ಮಂಚಕ್ಕೆ ತಾಗ್ತವೆ.”

“ನಾನೂ ಎತ್ತೀನಿ. ನಂದೊಂದೂ ಒಡೆಯಾಕಿಲ್ಲ.”

ಸೊಸೆ ಸೆರಗಿನಿಂದ ಕೈ ಮುಚ್ಚಿಕೊಂಡಳು.

“ನಿನ್ನೆ ಕೊಟ್ಟಿಗೇಲಿ ನೀನೇ ಕಲ್ಲಿಗೆ ಕೈ ಬಡ್ಕಂಡಿದ್ದುನ್ನ ನೋಡ್ದೆ. ನನ್ ಮಗನ್ಗೆ ಕೇಡು ಬಯಸ್ತಿದ್ದೀಯಾ?”

“ಅಯ್ಯೋ, ಬುಡ್ತು ಅನ್ನಿ ಅತ್ತೆ!”

“ಮತ್ಯಾಕೆ?”

“ಬಳೆ ಅಂಗ್ಡಿಯಮ್ಮ ನನ್ ಕೈ ಇಡ್ಕಂಡು ಮೆಲ್ಲಗೆ ಅದುಮ್ತಾರೆ. ಅಷ್ಟೊತ್ತು ಯಾರೂ ನಂಗೆ ಕೆಲ್ಸ ಏಳಾಕಿಲ್ಲ. ಕಣ್ಮುಚ್ಕಂಡು ಕೂತಿರ್ತೀನಿ.”

“ಅಷ್ಟಕ್ಕೇನಾ?”

“ಅಷ್ಟಕ್ಕೇ ಕಣತ್ತೆ.”

ಅತ್ತೆ ನಂಬಿದಂತೆ ಕಾಣಲಿಲ್ಲ. ಒಳಗಿನಿಂದ ಮುಂದಿನವರನ್ನು ಕರೆದರು. ಸೊಸೆಗಿಂತ ಮೊದಲು ಅತ್ತೆಯೇ ಎದ್ದರು.

“ನೀ ಕೂತ್ಕ. ಅದೇನು ಅಂತ ಮೊದ್ಲು ನಾನ್ ಓಗಿ ನೋಡ್ತೀನಿ.”

ಹೊಸ್ತಿಲು ದಾಟುವಾಗ ಅವರ ಕೈ ಬಾಗಿಲಿಗೆ ಬಡಿಯಿತು. ಹಸಿರು ಚೂರುಗಳು ನನ್ನ ಕಾಲ ಬಳಿ ಬಂದು ಬಿದ್ದವು.