ಮಲಗಿದ್ರು, ಬಾ

ದೀಪ ಸ್ವಲ್ಪ ಸಣ್ಣ ಮಾಡಿ. ನನ್ನ ಮಗಳು ಈಗ ತಾನೇ ಕಣ್ಣು ಮುಚ್ಚಿದ್ದಾಳೆ, ಅವಳು ಎದ್ದರೆ ದೆವ್ವಕ್ಕಿಂತ ಕಷ್ಟ.

ಇದು ನನ್ನ ಚಿಕ್ಕಮ್ಮನ ಮಗಳಿಗೆ ಆದದ್ದು. ಪಕ್ಕದಲ್ಲಿ ನಾನೇ ಇದ್ದೆ. ಹಾಗಾಗಿ ಯಾರೋ ಹೇಳಿದ್ದು, ಯಾರೋ ಕೇಳಿದ್ದು ಅಂತ ತಳ್ಳಿಹಾಕಬೇಡಿ.

ಆವತ್ತು ಹೊಲಿಗೆ ಅಂಗಡಿಯಿಂದ ಹೊರಡುವಾಗ ತಡವಾಗಿತ್ತು. ಗುಂಡಿ ಹೊಲಿದು ಹೊಲಿದು ಬೆರಳು ಉಬ್ಬಿದ್ದವು. ಹೆಗಲ ಮೇಲೆ ಮಗಳು. ಪಕ್ಕದಲ್ಲಿ ಇವಳು, ನಮ್ಮ ಮಿಡತೆ. ಚಿಕ್ಕಂದಿನಿಂದ ಅದೇ ಹೆಸರು, ಏನು ಸದ್ದಾದರೂ ಚಿಮ್ಮುತ್ತಿದ್ದಳಲ್ಲ, ಅದಕ್ಕೆ. ದಾರಿಯಲ್ಲಿ ಒಂದು ಹಳೇ ಬಾವಿ. ಕಬ್ಬಿಣದ ಜಾಲರಿ ಹಾಕಿ ಮುಚ್ಚಿ ಎಷ್ಟೋ ವರ್ಷವಾಗಿದೆ.

ಅಲ್ಲಿಗೆ ಬಂದವಳು ನಿಂತುಬಿಟ್ಟಳು.

"ಅಕ್ಕಾ... ಕೇಳಿಸ್ತಾ?"

"ಏನೇ?"

"ಚಿಲಕ."

"ಬಾವಿಗೆ ಯಾರೇ ಚಿಲಕ ಇಡ್ತಾರೆ? ನಡಿ, ಕೈ ಬಿದ್ದು ಹೋಗ್ತಿದೆ."

ಹಾಗಂದೆ. ಆದರೆ ನನಗೂ ಕೇಳಿಸಿತ್ತು. ಟಕ್... ಅಷ್ಟೇ. ಆಮೇಲೆ ಬಾವಿ ಕಟ್ಟೆಯ ಹಿಂದೆ, ಬಿಗಿಹಿಡಿದ ಉಸಿರನ್ನು ಯಾರೋ ಮೆಲ್ಲಗೆ ಬಿಟ್ಟ ಹಾಗೆ. ಹಾ... ತಿರುಗಿ ನೋಡಲಿಲ್ಲ. ಮಗು ಇಟ್ಟುಕೊಂಡು ಯಾರು ನೋಡುತ್ತಾರೆ?

ಮಿಡತೆ ಕಾಲೇಜಿನ ಓಟಗಾರ್ತಿ. ನೂರು ಮೀಟರು. ಪಿಸ್ತೂಲಿನ ಸದ್ದಿಗೆ ಎಲ್ಲರಿಗಿಂತ ಮೊದಲು ಚಿಮ್ಮುವವಳು ಇವಳೇ ಅಂತ ಅವಳ ಕೋಚ್ ಸರ್ ಕೊಂಡಾಡಿದ್ದೇ ಕೊಂಡಾಡಿದ್ದು. ಆದರೆ ಈಚೆಗೆ ರಾತ್ರಿ ನಿದ್ದೆಯೇ ಇಲ್ಲ. ನಿದ್ದೆಗೆಟ್ಟು ನಿದ್ದೆಗೆಟ್ಟು, ಪಿಸ್ತೂಲಿಗೂ ಮೊದಲೇ ಓಡುತ್ತಿದ್ದಳು. ಯಾರೋ ಟಕ್ ಅಂತ ಬ್ಯಾಗಿನ ಕ್ಲಿಪ್ಪು ಹಾಕಿದರು, ಇವಳು ಹೋದಳು. ಹಾಗೆ ಮೊದಲೇ ಓಡಿದವರನ್ನು ಹೊರಗೆ ಕಳಿಸುತ್ತಾರಂತೆ. ಮರುದಿನವೇ ತಂಡದ ಆಯ್ಕೆ. ತಂಡದಲ್ಲಿ ಇಲ್ಲ ಅಂದರೆ ಹಾಸ್ಟೆಲ್ ಇಲ್ಲ. ಹಾಸ್ಟೆಲ್ ಇಲ್ಲ ಅಂದರೆ ವಾಪಸ್ ಮನೆಗೆ.

ಹಾಸ್ಟೆಲಿನಲ್ಲಿ ರಾತ್ರಿಯಿಡೀ ಓಡಾಡುತ್ತಾಳೆ ಅಂತ ರೂಮಿನವರು ಗಲಾಟೆ ಮಾಡಿದ್ದಕ್ಕೆ, ಕೋಚ್ ಸರ್ ನನ್ನ ಹತ್ತಿರ ಕಳಿಸಿದ್ದರು. "ಅಕ್ಕನ ಮನೆಯಲ್ಲಿ ಚೆನ್ನಾಗಿ ನಿದ್ದೆ ಮಾಡಿಕೊಂಡು ಬಾ" ಅಂತ. ನಮ್ಮನೆಯಲ್ಲಿ ನಿದ್ದೆಯನ್ನು ಕೊಡದಲ್ಲಿ ತುಂಬಿಸಿಟ್ಟಿದ್ದೀವಿ ನೋಡಿ! ಹಲ್ಲು ಬರುತ್ತಿರುವ ಮಗು ಇರುವ ಮನೆ. ಗಂಡ ರಾತ್ರಿ ವ್ಯಾನ್ ಓಡಿಸೋಕೆ ಹೋದರೆ, ಮನೆಯಲ್ಲಿ ಅಳೋದಕ್ಕೆ ಒಬ್ಬಳು, ಎತ್ತಿಕೊಳ್ಳೋದಕ್ಕೆ ಒಬ್ಬಳು.

ಆ ರಾತ್ರಿ ಮಿಡತೆ ಮಂಚದ ಮೇಲೆ ಬೂಟು ಹಾಕಿಕೊಂಡೇ ಮಲಗಿದಳು. ಲೇಸು ಬಿಗಿದು, ಗಂಟು ಹಾಕಿ.

"ಬಿಚ್ಚೇ ಅದನ್ನ. ಹಾಸಿಗೆ ಒಗೆಯೋದು ನಿಮ್ಮಪ್ಪನಾ?"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳಪ್ಪ ಹೋಗಿ ವರ್ಷವಾಗಿತ್ತು. ಬದುಕಿದ್ದಾಗ ಎಂಥವನು ಅಂತ ನೆಂಟರಿಗೆಲ್ಲ ಗೊತ್ತಿತ್ತು, ಬಾಯಿ ಬಿಟ್ಟವರು ಯಾರೂ ಇಲ್ಲ.

"ಈಗ ಅವನಿಲ್ಲವಲ್ಲೇ," ಅಂದೆ, ಸ್ವರ ತಗ್ಗಿಸಿ. "ಆ ಮನೆ ಅಂದ್ರೆ ಇನ್ನೂ ಏನು ಭಯ?"

"ಅಪ್ಪ ಸತ್ತ. ಚಿಲಕ ಸತ್ತಿಲ್ಲ ಅಕ್ಕಾ."

ಆಮೇಲೆ ಕತ್ತಲಲ್ಲಿ ಪಿಸುಗುಟ್ಟಿದಳು. ಅಪ್ಪ ಕುಡಿದು ಬಂದು ಮುಂಬಾಗಿಲ ಚಿಲಕ ಮುಟ್ಟಿದರೆ ಸಾಕು, ಟಕ್ ಅನ್ನುವಷ್ಟರಲ್ಲಿ ಇವಳು ಹಿತ್ತಲ ಬಾಗಿಲಿಂದ ಹೊರಗೆ. ಅವರ ಹಿತ್ತಲಲ್ಲೂ ಒಂದು ಬಾವಿ, ಅದರ ಕಟ್ಟೆ ಹಿಂದೆ. ಓಟ ಕಲಿತದ್ದು ಹಾಗೆ. ಒಳಗೆ ಪಾತ್ರೆ ಬೀಳುವ ಸದ್ದು, ಏಟಿನ ಸದ್ದು, ಎಲ್ಲ ನಿಂತ ಮೇಲೆ ಚಿಕ್ಕಮ್ಮ ಹಿತ್ತಲಿಗೆ ಬಂದು, "ಮಲಗಿದ್ರು, ಬಾ" ಅನ್ನುತ್ತಿದ್ದಳು. ಆ ಮಾತು ಕೇಳಿದ ಮೇಲೇ ಇವಳು ಏಳುತ್ತಿದ್ದದ್ದು.

"ಒಂದಿನ ಅಮ್ಮ ಬರಲೇ ಇಲ್ಲ."

"ಯಾಕೆ?"

"ಏಟು ಬಿದ್ದು ಎಚ್ಚರ ತಪ್ಪಿತ್ತಂತೆ. ನಂಗೆ ಗೊತ್ತಿಲ್ವಲ್ಲ... ಕಾದೆ."

"ಆಮೇಲೆ?"

"ಬೆಳಗಾಯ್ತು."

ಮಗಳನ್ನು ತಟ್ಟುತ್ತಾ ನೆಲದ ಹಾಸಿಗೆಯಲ್ಲಿ ಬಿದ್ದುಕೊಂಡೆ.

ಕಣ್ಣು ಹತ್ತಿತ್ತೋ ಇಲ್ಲವೋ...

ಟಕ್.

ನಮ್ಮ ಬಾಗಿಲಿಗೆ ಹೊರಗಡೆ ಚಿಲಕವೇ ಇಲ್ಲ. ಒಳಗಿನ ಬೋಲ್ಟು ಒಂದೇ.

ಪಿಚಕ್... ಪಿಚಕ್... ಒದ್ದೆ ಕಾಲು ಮೆಟ್ಟಿಲ ಮೇಲೆ.

"ಅಕ್ಕಾ, ಅಪ್ಪ," ಅಂದಳು ಮಿಡತೆ. ಆಗಲೇ ಎದ್ದು ಕೂತಿದ್ದಳು, ಓಟದ ಗೆರೆ ಮೇಲೆ ಕೂತ ಹಾಗೆ.

ಹೆದರೋದಕ್ಕೂ ಮೈಯಲ್ಲಿ ಶಕ್ತಿ ಬೇಕು. ನನ್ನಲ್ಲಿ ಅದೂ ಉಳಿದಿರಲಿಲ್ಲ. ಇಷ್ಟು ಹೊತ್ತು ತಟ್ಟಿ ಮಲಗಿಸಿದ ಮಗುವನ್ನು ಎಬ್ಬಿಸುತ್ತಿದೆಯಲ್ಲ ಈ ಶನಿ ಅಂತ ಸಿಟ್ಟು ನೆತ್ತಿಗೇರಿತು. ಬೋಲ್ಟು ತೆಗೆದೆ. ಕಿರ್‍ರ್...

ಅಪ್ಪ ಅಲ್ಲ. ಗಂಡಸೇ ಅಲ್ಲ.

ಮೆಟ್ಟಿಲ ಮೇಲೆ ಒಂದು ಹುಡುಗಿ. ಇನ್ನೂ ಶಾಲೆಗೆ ಸೇರಿಸುವ ವಯಸ್ಸು. ಉದ್ದನೆ ಫ್ರಾಕು, ಬರಿಗಾಲು, ಮೊಣಕಾಲವರೆಗೆ ಕೆಸರು. ಮೂಗು ನಮ್ಮ ಚಿಕ್ಕಮ್ಮನದೇ ಮೂಗು. ಉಸಿರು ಬಿಗಿಹಿಡಿದು ನಿಂತಿತ್ತು. ನನ್ನನ್ನು ಕೇಳಿತು, ಪಿಸುದನಿಯಲ್ಲಿ.

"ಮಲಗಿದ್ರಾ?"

ಬೇರೆ ಯಾರಾದರೂ ಕಿರುಚುತ್ತಿದ್ದರೇನೋ. ಅಷ್ಟು ಪುಟ್ಟ ಮಗು ಅಷ್ಟು ಹೊತ್ತಲ್ಲಿ ನಿಂತಿದ್ದರೆ ಕಿರುಚೋದು ಹೇಗೆ, ಹೇಳಿ?

"ಮಲಗಿದ್ರು, ಬಾ," ಅಂದೆ. ಒಳಗೆ ಮಿಡತೆಗೂ ಕೇಳಲಿ ಅಂತ ಮತ್ತೊಮ್ಮೆ, ಗಟ್ಟಿಯಾಗಿ. "ಮಲಗಿದ್ರು ಕಣೇ. ಇನ್ನು ಏಳಲ್ಲ. ಕಾಲು ಒರೆಸ್ಕೊಂಡು ಬಾ ಒಳಗೆ."

ನನ್ನ ಪಕ್ಕದಿಂದ ಏನೋ ತಣ್ಣಗೆ ಸರಿದು ಹೋಯಿತು. ಬಾಗಿಲು ಹಾಕಿ ಬಂದು ಬಿದ್ದುಕೊಂಡೆ. ಮಂಚದ ಮೇಲಿಂದ ಮೊದಲು ಉದ್ದನೆ ಉಸಿರು ಬಂತು... ಹಾ... ಆಮೇಲೆ ಸರ್... ಸರ್... ಅಂತ ಲೇಸು ಬಿಚ್ಚುವ ಸದ್ದು. ಧಪ್. ಒಂದು ಬೂಟು. ಧಪ್. ಇನ್ನೊಂದು. ಆಮೇಲೆ ಗೊರಕೆ! ಆ ಹುಡುಗಿ ಗೊರಕೆ ಹೊಡೆಯುತ್ತಾಳೆ ಅಂತ ನಮ್ಮ ವಂಶದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ನೀರು ಚಿಮುಕಿಸಿ ಎಬ್ಬಿಸಬೇಕಾಯಿತು. ಆಯ್ಕೆಯಲ್ಲಿ ಪಿಸ್ತೂಲು ಹಾರುವ ತನಕ ಕಲ್ಲಿನ ಹಾಗೆ ಕೂತಿದ್ದಳಂತೆ. ಎಲ್ಲರಿಗಿಂತ ಹಿಂದೆ ಗೆರೆ ಬಿಟ್ಟು, ಎರಡನೆಯವಳಾಗಿ ಮುಟ್ಟಿದಳು. ತಂಡಕ್ಕೆ ಅಷ್ಟು ಸಾಕಾಯಿತು. ಮೊದಲಿನ ಹಾಗೆ ಚಿಮ್ಮೋದಿಲ್ಲ ಅಂತ ಕೋಚ್ ಸರ್ ಇವತ್ತಿಗೂ ಗೊಣಗುತ್ತಾರೆ. ಗೊಣಗಲಿ. ಹಾಸ್ಟೆಲಿನಲ್ಲಿ ಈಗ ಅವಳ ಗೊರಕೆಗೆ ರೂಮಿನವರ ಗಲಾಟೆ.

ಕನಸು ಅಂತೀರಾ? ನನ್ನ ಗಂಡನೂ ಅದನ್ನೇ ಅಂದ. ಹಾಗಾದರೆ ಕೇಳಿ. ನನ್ನ ಮಗಳು ಹುಟ್ಟಿದಾಗಿನಿಂದ ಗೋಡೆ ಕಡೆ, ನನ್ನ ಬಲಗೈ ಮೇಲೇ ತಲೆ ಇಟ್ಟು ಮಲಗೋದು. ಆವತ್ತೂ ಅಲ್ಲೇ ಮಲಗಿದ್ದಳು, ಬೆಳಿಗ್ಗೆಯೂ ಅಲ್ಲೇ ಇದ್ದಳು. ಆದರೆ ಮಧ್ಯಾಹ್ನದವರೆಗೂ ಹೊಲಿಯುವ ಬಟ್ಟೆಯನ್ನು ಒತ್ತಿ ಹಿಡಿಯಲಾರದಷ್ಟು ಜೋಮು ಹಿಡಿದಿದ್ದು ನನ್ನ ಎಡಗೈ.