ಎಡಕ್ಕೆ ತಿರುಗಿದ ಬಾಣ

ನಡುವಿನ ದೊಡ್ಡ ಕುರ್ಚಿಯಲ್ಲಿ ಕುಳಿತಿರುವ ನಮ್ಮ ಕಾಲ್ನಡಿಗೆ ಸಂಘದ ಮಾನ್ಯ ಅಧ್ಯಕ್ಷರೇ, ಅವರ ಬಲಕ್ಕಿರುವ ಮುಖ್ಯ ಅತಿಥಿಗಳಾದ ಇತಿಹಾಸದ ಪ್ರೊಫೆಸರರೇ, ಹೊಸ ಬೂಟು ಎಲ್ಲರಿಗೂ ಕಾಣಲಿ ಅಂತ ಮುಂದಿನ ಸಾಲಿನಲ್ಲಿ ಕಾಲು ಚಾಚಿರುವ ಸದಸ್ಯರೇ, ಕುರ್ಚಿ ಸಿಗದೆ ಬಾಗಿಲಲ್ಲಿ ನಿಂತಿರುವ ಸಭಿಕರೇ,

ಐದೇ ನಿಮಿಷ ಮಾತಾಡಿ ಎಂದು ಕಾರ್ಯದರ್ಶಿಗಳು ಕಿವಿಯಲ್ಲಿ ಹೇಳಿದ್ದಾರೆ. ಪ್ರೊಫೆಸರರಿಗೂ ಹಾಗೇ ಹೇಳಿದ್ದರಂತೆ, ಅವರು ಮುಕ್ಕಾಲು ಗಂಟೆ ತೆಗೆದುಕೊಂಡರು. ಲೆಕ್ಕ ಅಲ್ಲಿಗೇ ತಪ್ಪಿದ ಮೇಲೆ ನಾನೊಬ್ಬ ಯಾಕೆ ಸರಿಮಾಡಲಿ?

ಸನ್ಮಾನ ಅಂತ ನನಗೊಂದು ಮರದ ಪಾದ ಕೊಟ್ಟಿದ್ದೀರಿ. ಸಂತೋಷ. ಇರುವ ಎರಡರಲ್ಲಿ ಒಂದು ಮಂಡಿಯಿಂದ ಕೆಳಗೆ ಮಾತು ಕೇಳುತ್ತಿಲ್ಲ, ಇದು ಉಪಯೋಗಕ್ಕೆ ಬಂದೀತು.

ಹಳೆಯ ಕೋಟೆಯಿಂದ ಕಡಲ ದೀಪಸ್ತಂಭದವರೆಗೆ ಇನ್ನೂರ ಹತ್ತು ಕಿಲೋಮೀಟರ್ ಕಾಲ್ದಾರಿ. ಅದರ ಉದ್ದಕ್ಕೂ ಬಂಡೆಯ ಮೇಲೆ, ಗೋಡೆಯ ಮೇಲೆ, ಬೇಲಿಗೂಟದ ಮೇಲೆ ಹಳದಿ ಬಾಣ ಬರೆಯುವುದು ನನ್ನ ಕೆಲಸ. ಮೂವತ್ತೊಂದು ವರ್ಷ ಬರೆದೆ. ‘ಬಾಣದಣ್ಣ’ ಅಂದರೇ ನಿಮಗೆಲ್ಲ ಗೊತ್ತು, ನನ್ನ ಹೆಸರು ಆಹ್ವಾನ ಪತ್ರಿಕೆಯಲ್ಲೂ ಇಲ್ಲ.

ಈ ಮೂವತ್ತೊಂದು ವರ್ಷದಲ್ಲಿ ಎಂಥೆಂಥ ನಡಿಗೆಯವರನ್ನು ನೋಡಿದೆ, ಮಾರಾಯರೇ! ಕೈಗೆ ಎರಡು ಕೋಲು, ಬೆನ್ನಿಗೆ ನಾಲ್ಕು ಬಾಟಲಿ, ಮಣಿಕಟ್ಟಿಗೆ ಹೆಜ್ಜೆ ಎಣಿಸುವ ಗಡಿಯಾರ. ಏಳುನೂರು ವರ್ಷದ ಕೋಟೆಗೋಡೆಯ ಪಕ್ಕದಲ್ಲೇ ಹೋಗುತ್ತಾರೆ, ಕಣ್ಣು ಮಾತ್ರ ಗಡಿಯಾರದ ಮೇಲೆ. ಒಬ್ಬರು ನನ್ನನ್ನು ನಿಲ್ಲಿಸಿ, “ಇಲ್ಲಿ ನೋಡೋವಂಥದ್ದು ಏನಾದ್ರೂ ಇದೆಯಾ?” ಅಂತ ಕೇಳಿದರು. ಕೇಳುವಾಗ ಕೂತಿದ್ದದ್ದು ಒಬ್ಬ ಸೇನಾಪತಿಯ ಸಮಾಧಿಯ ಮೇಲೆ.

ಇರಲಿ. ನೂರ ನಲವತ್ತನೆಯ ಕಿಲೋಮೀಟರಿನ ಕವಲುಬಂಡೆಗೆ ಬರೋಣ. ಪ್ರೊಫೆಸರರು ಅದಕ್ಕೆ ‘ಅರಸನ ತಿರುವು’ ಎಂದು ಹೆಸರಿಟ್ಟಿದ್ದಾರೆ. ನೇರ ಹೋದರೆ ಕಡಲಂಚಿನಲ್ಲಿ ನಾಲ್ಕು ಕಿಲೋಮೀಟರ್, ತಂಪು ಗಾಳಿ. ನಮ್ಮ ದಾರಿ ಅದನ್ನು ಬಿಟ್ಟು ಎಡಕ್ಕೆ ತಿರುಗಿ, ಬೋಳುಗುಡ್ಡ ಹತ್ತಿ, ಹನ್ನೊಂದು ಕಿಲೋಮೀಟರ್ ಸುತ್ತಿ, ಮತ್ತೆ ಅದೇ ಕಡಲಿಗೆ ಇಳಿಯುತ್ತದೆ. ಯಾಕೆ? ಶತ್ರುಗಳ ಹಡಗಿನ ಕಣ್ಣು ತಪ್ಪಿಸಲು ಅರಸನ ಸೈನ್ಯ ಇಲ್ಲಿ ಎಡಕ್ಕೆ ತಿರುಗಿತಂತೆ. ಪುಸ್ತಕದಲ್ಲಿ ನಲವತ್ತೆರಡು ಪುಟ ಬರೆದಿದ್ದಾರೆ. ಸಾಕ್ಷಿ? “ಪರಂಪರೆಯಿಂದ ಉಳಿದುಬಂದ ದಾರಿಗುರುತುಗಳೇ ಸಾಕ್ಷಿ.” ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನೀವು, ಅದನ್ನೇ ಕಲ್ಲಿನಲ್ಲಿ ಕೆತ್ತಿಸಿ ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಆ ಬಂಡೆಯ ಪಕ್ಕದಲ್ಲಿ ನಿಲ್ಲಿಸಲು ಹೊರಟಿದ್ದೀರಿ.

ಪ್ರೊಫೆಸರರೇ, ಆ ಪರಂಪರೆ ಒಂದು ಲೀಟರಿನ ಡಬ್ಬದಲ್ಲಿತ್ತು. ಡಬ್ಬ ನನ್ನ ಕೈಯಲ್ಲಿತ್ತು.

ಅಧ್ಯಕ್ಷರು ಗಂಟೆಯ ಮೇಲೆ ಕೈ ಇಟ್ಟಿದ್ದಾರೆ. ಬಾರಿಸಿ ಸ್ವಾಮಿ, ನಾನು ನಿಲ್ಲಿಸುವುದಿಲ್ಲ.

ಆ ಕಡಲಂಚಿನ ದಾರಿಯಲ್ಲಿ ಒಂದೇ ಒಂದು ಮನೆ. ನನ್ನ ಅಣ್ಣನದು. ಮುಂದೆ ಚಹಾದಂಗಡಿ, ಹಿಂದೆ ಆರು ಮಂಚದ ತಂಗುಕೋಣೆ. ಕೋಟೆ ಕಡೆಯಿಂದ ಬಂದವರು ಅಲ್ಲಿ ಬೂಟು ಬಿಚ್ಚಿ, ಅತ್ತಿಗೆ ಕಾಯಿಸಿಟ್ಟ ಬಿಸಿನೀರಲ್ಲಿ ಕಾಲು ಇಳಿಬಿಟ್ಟು, ಅಣ್ಣನ ಮಾತು ಕೇಳುತ್ತಾ ಕೂರುತ್ತಿದ್ದರು. ಮಾತಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಒಂದು ದಿನ ನಾನು ಬಣ್ಣ ಮೆತ್ತಿದ ಬಟ್ಟೆಯಲ್ಲೇ ಒಳಗೆ ಹೋದೆ. ಹದಿನೈದು ಜನ ಕೂತಿದ್ದರು. ಅಣ್ಣ ಅಂದ: “ನೋಡಿ, ಇವನು ನನ್ನ ತಮ್ಮ. ಸ್ಕೂಲಲ್ಲಿ ಒಂದಕ್ಷರ ನೆಟ್ಟಗೆ ಬರೀಲಿಲ್ಲ, ಈಗ ಕತ್ತೆಗೂ ಗೊತ್ತಿರೋ ದಾರಿಗೆ ಬಾಣ ಬರೀತಾನೆ. ಆ ಬಾಣದ ಬಾಲಾನೂ ಸೊಟ್ಟ!”

ಎಲ್ಲರೂ ನಕ್ಕರು. ಅತ್ತಿಗೆ ನಗಲಿಲ್ಲ. ಅಣ್ಣನಿಗೆ ಅದು ತಮಾಷೆ, ನನಗೆ ಮೈಯೆಲ್ಲ ಉರಿದುಹೋಯಿತು.

ಮರುವಾರ ಬಿರುಗಾಳಿ ಹೊಡೆದು ಗುರುತುಗಳೆಲ್ಲ ಅಳಿಸಿಹೋದವು, ಹೊಸದಾಗಿ ಬರೆ ಎಂದು ಸಂಘದವರು ಕಳಿಸಿದರು. ಕವಲುಬಂಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಾಣವನ್ನು ಎಡಕ್ಕೆ ಬರೆದೆ. ಗುಡ್ಡದ ಮೇಲೂ ಬರೆದುಕೊಂಡು ಹೋದೆ. ಕತ್ತೆಗೂ ಗೊತ್ತಿರುವ ದಾರಿ ತಾನೇ, ಎಷ್ಟು ಜನ ಬರುತ್ತಾರೋ ನೋಡೋಣ! ಒಂದೇ ವಾರ ಅಂದುಕೊಂಡಿದ್ದೆ. ಆಣೆ ಮಾಡಿ ಹೇಳುತ್ತೇನೆ, ಒಂದೇ ವಾರ. ಅಷ್ಟರಲ್ಲಿ ನಕ್ಷೆ ಮಾಡುವವರು ಬಂದು, ಬಾಣ ಇದ್ದ ಹಾಗೇ ಬರೆದುಕೊಂಡು, ಅಚ್ಚು ಹಾಕಿಸಿಬಿಟ್ಟರು. ಅಚ್ಚಾದದ್ದನ್ನು ತಪ್ಪು ಅನ್ನಬೇಕಾದರೆ ಯಾಕೆ ತಪ್ಪಾಯಿತು ಅಂತಲೂ ಹೇಳಬೇಕಾಗುತ್ತಿತ್ತು. ಬಾಯಿ ಮುಚ್ಚಿಕೊಂಡೆ. ಪ್ರತಿವರ್ಷ ಹೋಗಿ ಅದೇ ಬಾಣದ ಮೇಲೆ ಹೊಸ ಬಣ್ಣ ಬಳಿದೆ. ಇಪ್ಪತ್ತಾರು ವರ್ಷ!

ಇಷ್ಟು ಹೊತ್ತು ನಿಮ್ಮನ್ನೆಲ್ಲ ಆಡಿಕೊಂಡೆ. ಈ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಆಡಿಸಿಕೊಳ್ಳಬೇಕಾದವನು ಯಾರು ಅಂತ ಈಗ ಗೊತ್ತಾಯಿತಲ್ಲ.

ಅಣ್ಣನ ಅಂಗಡಿಗೆ ಜನ ಬರುವುದು ನಿಂತಿತು, ಎರಡನೇ ವರ್ಷಕ್ಕೆ ಮಂಚಗಳು ಮಾರಿಹೋದವು. ಮೂರನೇ ವರ್ಷ ಅಂಗಡಿ ಮುಚ್ಚಿ ಅಣ್ಣ ದೋಣಿ ಕಟ್ಟುವಲ್ಲಿ ಕೂಲಿಗೆ ಸೇರಿದ. ಅಷ್ಟು ಮಾತಿನವನು ಮಾತು ಬಿಟ್ಟ. ಹೋದ ವರ್ಷ ತೀರಿಕೊಂಡಾಗ ನಾನು ಅಂಗಳದಲ್ಲೇ ನಿಂತು ವಾಪಸ್ಸು ಬಂದೆ, ಒಳಗೆ ಕಾಲಿಡಲು ಧೈರ್ಯ ಬರಲಿಲ್ಲ.

ನಾಳೆಯ ಕಲ್ಲಿನ ಸುದ್ದಿ ಕೇಳಿ ಮೊನ್ನೆ ಅತ್ತಿಗೆಯ ಬಾಗಿಲಿಗೆ ಹೋದೆ. ಹೇಳಿದೆ, ಅತ್ತಿಗೆ, ಎಡಕ್ಕೆ ಬರೆದದ್ದು ನಾನು. ಅವಳು ಗಾಬರಿಯೂ ಆಗಲಿಲ್ಲ, ಬೈಯಲೂ ಇಲ್ಲ.

“ಗೊತ್ತು ಕಣೋ. ಸೊಟ್ಟ ಬಾಲ ನೋಡಿದ ದಿನಾನೇ ನಿಮ್ಮಣ್ಣನಿಗೆ ಗೊತ್ತಾಯ್ತು. ಸಂಜೆ ಸಂಜೆ ಆ ಬಂಡೆ ಹತ್ರ ಹೋಗಿ ಕೂತು ಬರ್ತಿದ್ರು. ಒಂದು ಚಿಂದಿ, ಒಂಚೂರು ಸೀಮೆಎಣ್ಣೆ ಸಾಕಲ್ಲ, ಒರೆಸಿಬಿಡಿ ಅಂತ ಎಷ್ಟು ಸಲ ಹೇಳಿದೆ. ‘ಬೇಡ, ಬರೆದವನೇ ಬಂದು ಅಳಿಸಲಿ’ ಅಂದ್ರು. ‘ಅವತ್ತು ನಾನು ಅವನಿಗೆ ಹಾಗೆ ಅನ್ನಬಾರದಿತ್ತು’ ಅಂತಾನೂ ಅಂದ್ರು.”

ಅಣ್ಣ ಇಪ್ಪತ್ತೈದು ವರ್ಷ ಕಾದ, ಸಭಿಕರೇ. ನಾನು ಪ್ರತಿವರ್ಷ ಆ ಬಂಡೆಯ ತನಕ ಹೋಗುತ್ತಿದ್ದೆ. ಅಲ್ಲಿಂದ ಅವನ ಮನೆಗೆ ಇಪ್ಪತ್ತು ನಿಮಿಷದ ದಾರಿ. ಇನ್ನೂರ ಹತ್ತು ಕಿಲೋಮೀಟರ್ ನಡೆದವನಿಗೆ ಆ ಇಪ್ಪತ್ತು ನಿಮಿಷ ನಡೆಯಲಾಗಲಿಲ್ಲ.

ಒಳಗೆ ಬರಲಾ ಅತ್ತಿಗೆ ಅಂತ ಕೇಳಿದೆ. “ಮೊದಲು ಅಳಿಸಿ ಬಾ” ಅಂದಳು.

ನಿಮ್ಮ ಕಲ್ಲಿಗೆ ಹತ್ತು ಗಂಟೆಯಲ್ಲವೇ? ನಾನು ಬೆಳಿಗ್ಗೆ ಆರಕ್ಕೇ ಅಲ್ಲಿರುತ್ತೇನೆ. ಹೊಸ ಬಾಣ ಕಡಲ ಕಡೆಗೆ ಇರುತ್ತದೆ. ನಿಮ್ಮ ಕಲ್ಲು ನಿಲ್ಲಿಸಲೇಬೇಕು ಅಂತಿದ್ದರೆ ನಿಲ್ಲಿಸಿ, ಅದರಲ್ಲಿ ಅರಸನನ್ನು ತೆಗೆದು ‘ತಮ್ಮನ ತಿರುವು’ ಅಂತ ಕೆತ್ತಿಸಿ.

ಮರದ ಪಾದವನ್ನು ಈ ಮೇಜಿನ ಮೇಲೇ ಬಿಟ್ಟಿದ್ದೇನೆ, ದಯವಿಟ್ಟು ತಪ್ಪು ತಿಳಿಯಬೇಡಿ. ಚೀಲದಲ್ಲಿ ಹಳದಿ ಡಬ್ಬ ಇದೆ, ಸೀಮೆಎಣ್ಣೆ ಬಾಟಲಿ ಇದೆ, ಅಣ್ಣನ ಹಳೇ ಅಂಗಿಯಿಂದ ಅತ್ತಿಗೆ ಹರಿದುಕೊಟ್ಟ ಒಂದು ಚಿಂದಿ ಇದೆ. ಬೇರೆಯದಕ್ಕೆ ಜಾಗವಿಲ್ಲ. ಕೂತು ಕೇಳಿದವರಿಗೂ, ಎದ್ದು ಹೋದವರಿಗೂ ಕೃತಜ್ಞತೆಗಳು, ನಮಸ್ಕಾರ.